ಆರು ಬೇಸಿಗೆ, ನಾಲ್ಕು ಕೊರೊಲ್ಲಾ: ಡರ್ಬಿ ಕಣದಲ್ಲಿ ಹಳೆಯ ಟೊಯೊಟಾ

ಕಾರು: ಟೊಯೊಟಾ ಕೊರೊಲ್ಲಾ, 1993ರಿಂದ 1997ರವರೆಗಿನ ಮಾದರಿ, 1.8 ಲೀಟರ್ ಪೆಟ್ರೋಲ್
ಬಳಸಿದ್ದು: ಆರು ಬೇಸಿಗೆ, ನಾಲ್ಕು ಕಾರು, ಹನ್ನೊಂದು ಆಟ
ಎಲ್ಲಿ: ಅಮೆರಿಕದ ಒಹಾಯೊ
ನನ್ನ ಅಂಕ: 5ಕ್ಕೆ 4.5

ಕಳೆದ ಸೆಪ್ಟೆಂಬರ್‌ನಲ್ಲಿ ನನ್ನ ಮೂರನೆಯ ಕೊರೊಲ್ಲಾವನ್ನು ಗುಜರಿಗೆ ಒಯ್ದೆ. ಹಿಂಭಾಗ ಸೀಟಿನವರೆಗೂ ಮಡಚಿ ಹೋಗಿತ್ತು. ಬಂಪರ್ ಇರಲಿಲ್ಲ. ರೇಡಿಯೇಟರ್‌ನಲ್ಲಿ ಒಂದು ಹನಿ ನೀರಿರಲಿಲ್ಲ. ಆದರೂ ಸ್ವಿಚ್ ಹಾಕಿದ ಕೂಡಲೇ ಇಂಜಿನ್ ಶುರುವಾಯಿತು. ಟ್ರೇಲರ್‌ನಿಂದ ತಾನೇ ಇಳಿದು, ಗುಜರಿ ರಾಶಿಯ ಪಕ್ಕಕ್ಕೆ ತಾನೇ ಹೋಗಿ ನಿಂತಿತು. ನನಗೆ ಗಂಟಲು ಕಟ್ಟಿತು. ಈ ಕಾರಿನ ಬಗ್ಗೆ ಬರೆಯಲೇಬೇಕು ಅಂತ ಅವತ್ತೇ ಅಂದುಕೊಂಡೆ.

ಡೆಮಾಲಿಷನ್ ಡರ್ಬಿ ನೋಡದವರಿಗೆ ಮೊದಲು ನಾಲ್ಕು ಮಾತು. ಇದು ಓಟದ ಸ್ಪರ್ಧೆ ಅಲ್ಲ. ನೀರು ಹಾಕಿ ಕೆಸರು ಮಾಡಿದ ಅಂಗಳ, ಸುತ್ತ ಕಾಂಕ್ರೀಟ್ ದಿಮ್ಮಿಗಳು. ಒಳಗೆ ಎಂಟು ಹತ್ತು ಹಳೆಯ ಕಾರುಗಳು ಒಂದನ್ನೊಂದು ಗುದ್ದುತ್ತವೆ. ಕೊನೆಯವರೆಗೆ ಯಾವುದು ಅಲ್ಲಾಡುತ್ತಿರುತ್ತದೋ ಅದು ಗೆದ್ದಿತು. ಚಾಲಕನ ಬಾಗಿಲಿಗೆ ಗುದ್ದುವಂತಿಲ್ಲ. ಒಂದು ನಿಮಿಷದೊಳಗೆ ಯಾರನ್ನೂ ಗುದ್ದದಿದ್ದರೆ ಹೊರಗೆ. ಗಾಡಿ ಸತ್ತಿತು ಅನ್ನಿಸಿದರೆ ಬಾಗಿಲಿಗೆ ಕಟ್ಟಿದ ಕೋಲನ್ನು ಚಾಲಕನೇ ಮುರಿಯುತ್ತಾನೆ. ಆಮೇಲೆ ಅವನನ್ನು ಯಾರೂ ಮುಟ್ಟುವುದಿಲ್ಲ. ಒಹಾಯೊದಲ್ಲಿ 88 ಕೌಂಟಿಗಳಿವೆ, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಬೇಸಿಗೆಯಲ್ಲಿ ಕೌಂಟಿ ಜಾತ್ರೆಗಳು ನಡೆಯುತ್ತವೆ. ನಮ್ಮ ದನದ ಜಾತ್ರೆಯ ಹಾಗೆಯೇ ದನ, ಕುರಿ, ಹಂದಿ, ತಿಂಡಿ ಅಂಗಡಿ, ತೊಟ್ಟಿಲು ಎಲ್ಲ ಇರುತ್ತವೆ. ಒಂದು ರಾತ್ರಿ ಡರ್ಬಿ.

ನಾನು ದಾವಣಗೆರೆ ಕಡೆಯವನು. ಟಗರಿನ ಕಾಳಗ ನೋಡಿ ಬೆಳೆದವನು. ಮೊದಲ ಸಲ ಡರ್ಬಿ ನೋಡಿದಾಗ ನನಗೆ ನೆನಪಾದದ್ದು ಅದೇ. ಟಗರು ಹಿಂದೆ ಸರಿಯುತ್ತದಲ್ಲ, ಹಾಗೆ ಕಾರುಗಳೂ ಹಿಂದೆ ಸರಿಯುತ್ತವೆ. ಆದರೆ ಇಲ್ಲಿ ಗುದ್ದುವುದೂ ಹಿಂಭಾಗದಿಂದಲೇ. ಮುಂದೆ ಇಂಜಿನ್, ರೇಡಿಯೇಟರ್, ಸ್ಟೀರಿಂಗ್ ಎಲ್ಲ ಇದೆ. ಅದನ್ನು ಉಳಿಸಿಕೊಳ್ಳಬೇಕು. ಡಿಕ್ಕಿಯಿಂದ ಡಿಕ್ಕಿ ಹೊಡೆಯುವುದು ಅಂತ ಕನ್ನಡದಲ್ಲಿ ಚೆನ್ನಾಗಿ ಹೇಳಬಹುದು.

ಮೊದಲೆಲ್ಲ ಇದು ದೊಡ್ಡ ಅಮೆರಿಕನ್ ಕಾರುಗಳ ಆಟ. 1964ರಿಂದ 66ರವರೆಗಿನ ಕ್ರೈಸ್ಲರ್ ಇಂಪೀರಿಯಲ್ ಎಷ್ಟು ಗಟ್ಟಿ ಎಂದರೆ, ಇಂದಿಗೂ ಬಹಳ ಕಡೆ ಅದಕ್ಕೆ ಪ್ರವೇಶವೇ ಇಲ್ಲ. ಅಂಥ ದೊಡ್ಡ ಗಾಡಿಗಳು ಈಗ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. 2009ರಲ್ಲಿ ಅಲ್ಲಿನ ಸರ್ಕಾರ ಹಳೆಯ ಗಾಡಿ ಕೊಟ್ಟು ಹೊಸದು ಕೊಳ್ಳುವವರಿಗೆ ದುಡ್ಡು ಕೊಟ್ಟಿತು. ಹಾಗೆ ಬಂದ ಹಳೆಯ ಗಾಡಿಗಳ ಇಂಜಿನ್‌ಗೆ ಸೋಡಿಯಂ ಸಿಲಿಕೇಟ್ ಹಾಕಿ ಕೊಂದರು. ಸುಮಾರು 7 ಲಕ್ಷ ಗಾಡಿಗಳು ಹಾಗೆ ಹೋದವು. ಆದರೆ ಆ ಯೋಜನೆಗೆ ಗಾಡಿ ಗ್ಯಾಲನ್‌ಗೆ 18 ಮೈಲಿ ಅಥವಾ ಅದಕ್ಕಿಂತ ಕಡಿಮೆ ಕೊಡಬೇಕಿತ್ತು. ಕೊರೊಲ್ಲಾ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತಿತ್ತು. ಮೈಲೇಜ್ ಚೆನ್ನಾಗಿದ್ದದ್ದೇ ಅದರ ಜೀವ ಉಳಿಸಿತು. ಈಗ ಡರ್ಬಿಯಲ್ಲಿ ಚಿಕ್ಕ ಕಾರುಗಳ ಕಾಂಪ್ಯಾಕ್ಟ್ ವಿಭಾಗ ತುಂಬಿ ತುಳುಕುತ್ತಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ನಮ್ಮೂರಿನ ಓದುಗರಿಗೆ ಕೊರೊಲ್ಲಾ ಎಂದರೆ 2003ರಿಂದ ಬಿಡದಿಯಲ್ಲಿ ತಯಾರಾದ ಕಾರು. ನಾನು ಹೇಳುತ್ತಿರುವುದು ಅದಕ್ಕಿಂತ ಎರಡು ತಲೆಮಾರು ಹಿಂದಿನದು. ನನ್ನ ನಾಲ್ಕರಲ್ಲಿ ಒಂದರ ಮೇಲೆ ಜಿಯೊ ಪ್ರಿಜ್ಮ್ ಎಂಬ ಹೆಸರಿತ್ತು, ಒಳಗೆಲ್ಲ ಅದೇ ಕೊರೊಲ್ಲಾ. ಅದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ನಡೆಸುತ್ತಿದ್ದ ಕಾರ್ಖಾನೆಯಲ್ಲಿ ಹುಟ್ಟಿದ್ದು. ಈಗ ಅಲ್ಲಿ ಟೆಸ್ಲಾ ತಯಾರಾಗುತ್ತದೆ. ಪ್ರಿಜ್ಮ್ ಹೆಸರಿನದು ಸಿಕ್ಕರೆ ಬಿಡಬೇಡಿ. ಬಿಡಿಭಾಗ ಒಂದೇ, ಬೆಲೆ ಕಡಿಮೆ.

ಇನ್ನು ಇಂಜಿನ್. ನಾನು ಅಂಕ ಕೊಟ್ಟಿರುವುದರಲ್ಲಿ ಹೆಚ್ಚಿನ ಪಾಲು ಇದಕ್ಕೇ. 7ಎ-ಎಫ್‌ಇ ಅಂತ ಹೆಸರು, 105ರಿಂದ 115 ಹಾರ್ಸ್‌ಪವರ್. ಡರ್ಬಿಗೆ ಅಷ್ಟು ಸಾಕು. ಮುಖ್ಯ ವಿಷಯ ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್ ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಹಾಗೆ ಮಾಡುವ ಪಟ್ಟಿ. ಎಷ್ಟೋ ಇಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿದು ಎಲ್ಲ ಮುಗಿಯುತ್ತದೆ. ಇದರಲ್ಲಿ ಹಾಗಾಗುವುದಿಲ್ಲ. ಬೆಲ್ಟ್ ಇರುವ ತುದಿ ಪಕ್ಕದ ಸೀಟಿನ ಕಡೆ ಇದೆ. ಚಾಲಕನ ಬಾಗಿಲಿಗೆ ಗುದ್ದಬಾರದು ಎಂಬ ನಿಯಮ ಇರುವುದರಿಂದ ಏಟೆಲ್ಲ ಬೀಳುವುದು ಆ ಕಡೆಗೇ. ಎರಡನೆಯ ಕಾರಿನಲ್ಲಿ ಬೆಲ್ಟಿನ ಮುಚ್ಚಳ ಒಡೆದು, ಬೆಲ್ಟ್ ಹಲ್ಲು ಜಿಗಿದು ಇಂಜಿನ್ ನಿಂತೇ ಹೋಯಿತು. ಮನೆಗೆ ತಂದು ಹೊಸ ಬೆಲ್ಟ್ ಹಾಕಿದೆವು. ಹನ್ನೆರಡು ದಿನ ಬಿಟ್ಟು ಪಕ್ಕದ ಕೌಂಟಿಯಲ್ಲಿ ಮತ್ತೆ ಆಡಿ ಎರಡನೆಯ ಸ್ಥಾನ ಬಂತು.

ಈಗ ತಯಾರಿಯ ಮಾತು. ಹೊಸಬರು ಬಂದು ಮೊದಲು ಕೇಳುವುದು ‘ಎಲ್ಲೆಲ್ಲಿ ವೆಲ್ಡಿಂಗ್ ಮಾಡಬೇಕು?’ ಅಂತ. ನಾನೂ ಹಾಗೇ ಕೇಳಿದ್ದೆ. ಪಕ್ಕದ ಹೊಲದ ಅಜ್ಜ ಇಪ್ಪತ್ತು ವರ್ಷ ಡರ್ಬಿ ಆಡಿದವರು. ಅವರು ಹೇಳಿದ್ದು ಒಂದೇ: ಕಾರನ್ನು ಗಟ್ಟಿ ಮಾಡಲು ಹೋಗಬೇಡ, ಅದು ಸಾಯದ ಹಾಗೆ ನೋಡಿಕೋ. ಅದರ ಅರ್ಥ ತಿಳಿಯಲು ನನಗೆ ಎರಡು ಕಾರು ಬೇಕಾಯಿತು. ಡರ್ಬಿಯಲ್ಲಿ ಕಾರು ತಗಡು ಮಡಚಿ ಸಾಯುವುದು ಕಡಿಮೆ. ಪೆಟ್ರೋಲ್ ನಿಂತು ಸಾಯುತ್ತದೆ, ಕರೆಂಟು ನಿಂತು ಸಾಯುತ್ತದೆ, ನೀರು ಹೋಗಿ ಸಾಯುತ್ತದೆ, ಚಕ್ರ ತಿರುಚಿ ಸಾಯುತ್ತದೆ.

ಎಲ್ಲ ಗಾಜು ತೆಗೆಯಬೇಕು. ಏರ್‌ಬ್ಯಾಗ್ ತೆಗೆಯಬೇಕು, ಅದಕ್ಕೂ ಮೊದಲು ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಎಸಿ ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡುವುದು ಅಮೆರಿಕದಲ್ಲಿ ಕಾನೂನಿಗೆ ವಿರುದ್ಧ. ಗ್ಯಾರೇಜಿಗೆ ಒಯ್ದು ತೆಗೆಸಬೇಕು. ಬಾಗಿಲುಗಳನ್ನು ಸರಪಳಿಯಿಂದಲೋ ವೆಲ್ಡಿಂಗ್‌ನಿಂದಲೋ ಮುಚ್ಚಬೇಕು. ಬೆಂಕಿ ಬಿದ್ದರೆ ಆರಿಸಲು ಬಾನೆಟ್‌ನಲ್ಲಿ ತೂತು ಕೊರೆಯಬೇಕು. ಮುಂದಿನ ಗಾಜಿನ ಜಾಗಕ್ಕೆ ಕಬ್ಬಿಣದ ಸರಳು ಹಾಕಬೇಕು. ಇಷ್ಟೂ ಕೆಲಸ ಎಲ್ಲರೂ ಮಾಡುತ್ತಾರೆ, ಎರಡು ವಾರಾಂತ್ಯ ಸಾಕು.

ಪೆಟ್ರೋಲ್ ವಿಷಯಕ್ಕೆ ಬಂದರೆ ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳುತ್ತೇನೆ. ನಾವು ಆಡುವ ಕಡೆ ಮೂಲ ಟ್ಯಾಂಕ್ ತೆಗೆದು, ದೋಣಿಗೆ ಹಾಕುವಂಥ ಚಿಕ್ಕ ಟ್ಯಾಂಕನ್ನು ಹಿಂದಿನ ಸೀಟಿನ ಜಾಗದಲ್ಲಿ ಬಿಗಿಯಬೇಕು. ಕಾರಿನ ಪೆಟ್ರೋಲ್ ಪಂಪ್ ಇರುವುದು ಹಳೆಯ ಟ್ಯಾಂಕಿನ ಒಳಗೆ. ಹಾಗಾಗಿ ಹೊರಗೆ ಬೇರೆ ಪಂಪ್ ಬೇಕು. ನಾನು ಅಗ್ಗದ್ದು ಅಂತ ಕಾರ್ಬುರೇಟರ್ ಗಾಡಿಯ ಪಂಪ್ ತಂದೆ. ಅದರ ಒತ್ತಡ ನಾಲ್ಕರಿಂದ ಏಳು ಪಿಎಸ್‌ಐ. ಈ ಇಂಜಿನ್ ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಬಗೆಯದು, ಇದಕ್ಕೆ ಬೇಕಾದದ್ದು 40ರ ಆಸುಪಾಸು. ಇಂಜಿನ್ ಶುರುವಾಗದೆ ಇಡೀ ಶನಿವಾರ ಸ್ಪಾರ್ಕ್ ಪ್ಲಗ್ ಬಿಚ್ಚಿ ಹಾಕಿ, ವೈರ್ ಎಲ್ಲ ನೋಡಿ ಸುಸ್ತಾದೆವು. ಇಂಜೆಕ್ಷನ್ ಗಾಡಿಯ ಪಂಪನ್ನೇ ತನ್ನಿ. ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಬರುವ ಪೈಪನ್ನೂ ಮರೆಯಬೇಡಿ.

ಬ್ಯಾಟರಿಯನ್ನು ಪಕ್ಕದ ಸೀಟಿನ ಕಾಲಿಡುವ ಜಾಗಕ್ಕೆ ತರುತ್ತೇವೆ. ಒಂದು ಅಂಗಡಿಯಿಂದ ತಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನು ಇಟ್ಟಿದ್ದೆ. ಮೂರನೆಯ ಏಟಿಗೆ ಡಬ್ಬಿ ಸೀಳಿ ಬ್ಯಾಟರಿ ಮಗುಚಿತು. ಒಳಗೆ ಇದ್ದವಳು ನನ್ನ ಮಗಳು. ಅವಳು ತಕ್ಷಣ ಸ್ವಿಚ್ ಆಫ್ ಮಾಡಿ ಕೋಲು ಮುರಿದಳು. ಏನೂ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಕಬ್ಬಿಣದ ಪಟ್ಟಿಯ ಚೌಕಟ್ಟು, ನೆಲಕ್ಕೆ ಬೋಲ್ಟ್, ಮೇಲೆ ರಬ್ಬರ್ ಹಾಸು. ಈ ಒಂದು ವಿಷಯದಲ್ಲಿ ದಯವಿಟ್ಟು ದುಡ್ಡು ಉಳಿಸಬೇಡಿ. ಹೆಲ್ಮೆಟ್, ಕುತ್ತಿಗೆ ಪಟ್ಟಿ, ಬಾಗಿಲಿನ ಒಳಗೆ ದಪ್ಪ ಫೋಮ್ ಇವೆಲ್ಲ ಕೂಡ ಹಾಗೇ.

ನೀರು ಬಿಸಿಯಾಗುವುದು ಎಲ್ಲ ಚಿಕ್ಕ ಕಾರುಗಳ ಕಷ್ಟ. ಮೊದಲ ಕಾರಿನಲ್ಲಿ ರೇಡಿಯೇಟರ್ ಹಿಂದಿನ ಫ್ಯಾನ್ ಹಾಗೇ ಬಿಟ್ಟಿದ್ದೆ. ಮುಂದೆ ಒಂದು ಏಟು ಬಿದ್ದದ್ದೇ ತಡ, ಫ್ಯಾನ್ ಹೋಗಿ ರೇಡಿಯೇಟರ್‌ಗೆ ಚುಚ್ಚಿತು. ನಾಲ್ಕು ನಿಮಿಷಕ್ಕೆ ಆಟ ಮುಗಿಯಿತು. ಈಗ ಫ್ಯಾನ್ ತೆಗೆದೇಬಿಡುತ್ತೇನೆ. ಬರೀ ನೀರು ತುಂಬುತ್ತೇನೆ, ಕೂಲಂಟ್ ಹಾಕಲು ಅಲ್ಲಿ ಬಿಡುವುದಿಲ್ಲ. ನೀರೆಲ್ಲ ಹೋದ ಮೇಲೂ ಈ ಇಂಜಿನ್ ನಮಗೆ ಒಮ್ಮೆ ಆರು ನಿಮಿಷ ಓಡಿದೆ. ‘ಅಪ್ಪಾ, ಬರೀ ಹೊಗೆ ಬರ್ತಿತ್ತು, ಆದ್ರೂ ನಿಲ್ಲಲಿಲ್ಲ!’ ಅಂತ ಮಗಳು ಹೊರಗೆ ಬಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಚಕ್ರದ ಕಡೆ ನಾನು ಅರ್ಧ ಅಂಕ ಕಡಿಮೆ ಮಾಡಿದ್ದೇನೆ. ಮುಂದಿನ ಚಕ್ರವೇ ಎಳೆಯುವ ಯಾವ ಚಿಕ್ಕ ಕಾರಿಗೂ ಇದು ತಪ್ಪಿದ್ದಲ್ಲ. ಓರೆಯಾಗಿ ಏಟು ಬಿದ್ದರೆ, ಸ್ಟೀರಿಂಗ್ ತಿರುಗಿಸಿದಂತೆ ಚಕ್ರ ತಿರುಗಿಸುವ ಸರಳು, ಅಂದರೆ ಟೈ ರಾಡ್, ಬಗ್ಗುತ್ತದೆ, ಒಂದು ಚಕ್ರ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ನೋಡುತ್ತದೆ. ಇನ್ನೂ ಜೋರು ಬಿದ್ದರೆ ಆಕ್ಸಲ್ ಗೇರ್‌ಬಾಕ್ಸ್‌ನಿಂದ ಕಳಚಿಕೊಳ್ಳುತ್ತದೆ. ಒಂದು ಆಕ್ಸಲ್ ಹೋದರೆ ಇನ್ನೊಂದಿದ್ದೂ ಪ್ರಯೋಜನ ಇಲ್ಲ. ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳ ಜೋಡಣೆ, ಅಂದರೆ ಡಿಫರೆನ್ಷಿಯಲ್, ಇರುವ ಬಲವನ್ನೆಲ್ಲ ಸುಮ್ನೆ ತಿರುಗುವ ಕಡೆಗೆ ಬಿಟ್ಟುಬಿಡುತ್ತದೆ. ಅದಕ್ಕೆ ಮೂರನೆಯ ಕಾರಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಡಿಫರೆನ್ಷಿಯಲ್ ಒಳಗಿನ ಗೇರುಗಳನ್ನು ವೆಲ್ಡ್ ಮಾಡಿಸಿದೆವು. ಈಗ ಒಂದೇ ಆಕ್ಸಲ್ ಉಳಿದರೂ ಗಾಡಿ ಕುಂಟುತ್ತಾ ಹೋಗುತ್ತದೆ. ಟೈ ರಾಡ್‌ಗೆ ದಪ್ಪ ಪೈಪ್ ತೊಡಿಸಲು ನಮ್ಮ ಕೌಂಟಿಯಲ್ಲಿ ಬಿಡುತ್ತಾರೆ, ಪಕ್ಕದ ಕೌಂಟಿಯಲ್ಲಿ ಬಿಡುವುದಿಲ್ಲ. ಪ್ರತಿ ಜಾತ್ರೆಯ ನಿಯಮ ಬೇರೆ. ವೆಲ್ಡಿಂಗ್ ಯಂತ್ರ ಮುಟ್ಟುವ ಮೊದಲು ಆ ಹಾಳೆ ಓದಿ.

ಹಿಂಭಾಗ ಹೇಗೆ ಮಡಚಬೇಕು ಅನ್ನುವುದನ್ನು ಮೊದಲೇ ನಾವು ಹೇಳಿಕೊಡಬೇಕು. ಸುಮ್ನೆ ಬಿಟ್ಟರೆ ಡಿಕ್ಕಿ ಕೆಳಕ್ಕೆ ಮಡಚಿ ಟಯರಿನ ಮೇಲೆ ಕೂರುತ್ತದೆ, ಚಕ್ರ ತಿರುಗುವುದಿಲ್ಲ. ಎರಡನೆಯ ಕಾರಿನ ಕೊನೆಯ ಆಟ ಹಾಗೇ ಮುಗಿಯಿತು. ಆಮೇಲಿಂದ ಡಿಕ್ಕಿಯ ಮುಚ್ಚಳದ ನಡುವೆ ಸುತ್ತಿಗೆಯಿಂದ ಬಡಿದು ಅಡ್ಡಕ್ಕೆ ಒಂದು ಪಟ್ಟು ತರುತ್ತೇವೆ. ಕೆಳಗಿನ ರೈಲ್‌ನ ಮೇಲುಭಾಗದಲ್ಲಿ ಚಿಕ್ಕ ಕಚ್ಚು ಕೊಯ್ಯುತ್ತೇವೆ. ಆಗ ಏಟು ಬಿದ್ದಂತೆ ಹಿಂಭಾಗ ಮೇಲಕ್ಕೆ ಸುರುಳಿಯಾಗುತ್ತದೆ. ರೊಟ್ಟಿ ಮಡಚಿದ ಹಾಗೆ ಪದರ ಪದರವಾಗಿ ಕೂತ ತಗಡು ಆಮೇಲೆ ಒಳ್ಳೆಯ ಸುತ್ತಿಗೆ ಆಗುತ್ತದೆ. ನೋಡಲು ತುಂಬ ಖುಷಿ.

ಕೊಳ್ಳುವಾಗ ಒಂದೇ ಒಂದು ನೋಡಿ: ತುಕ್ಕು. ಒಹಾಯೊದಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಮೂವತ್ತು ವರ್ಷದ ಕಾರಿನ ಕೆಳಭಾಗವನ್ನು ಅದು ತಿಂದು ಹಾಕಿರುತ್ತದೆ. ಬಾಗಿಲ ಕೆಳಗಿನ ಪಟ್ಟಿ ಮತ್ತು ಚಕ್ರದ ಶಾಕ್ ಅಬ್ಸಾರ್ಬರ್ (ಸ್ಟ್ರಟ್) ಕೂರುವ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಒಳಗೆ ಹೋದರೆ ಆ ಕಾರು ಬೇಡ. ಬಣ್ಣ ಹೋಗಿದ್ದರೆ, ಸೀಟು ಹರಿದಿದ್ದರೆ, ಮೂರು ಲಕ್ಷ ಮೈಲಿ ಓಡಿದ್ದರೆ ಏನೂ ಪರವಾಗಿಲ್ಲ. 1996ಕ್ಕಿಂತ ಹಿಂದಿನದು ಸಿಕ್ಕರೆ ನನಗೆ ಹೆಚ್ಚು ಇಷ್ಟ. ಆ ವರ್ಷದಿಂದ ಇಂಜಿನ್ ದೋಷ ಪತ್ತೆಹಚ್ಚುವ ಒಬಿಡಿ-2 ಎಂಬ ವ್ಯವಸ್ಥೆ ಬಂತು, ವೈರು ಮತ್ತು ಸೆನ್ಸರ್ ಜಾಸ್ತಿಯಾದವು. ಗೇರ್ ಆಟೊಮ್ಯಾಟಿಕ್ ಇದ್ದರೆ ಹೊಸಬರಿಗೆ ಸುಲಭ. ಹಿಂದೆ ಮುಂದೆ ಬೇಗ ಬದಲಿಸಬಹುದು.

ಖರ್ಚು ಹೇಳುತ್ತೇನೆ. ಮೊದಲ ಕಾರು 350 ಡಾಲರ್‌ಗೆ ಸಿಕ್ಕಿತ್ತು, ನಾಲ್ಕನೆಯದಕ್ಕೆ 800 ಕೊಟ್ಟೆ. ಸರಳು, ಪಂಪ್, ಟ್ಯಾಂಕ್, ಟಯರ್ ಸೇರಿ ಇನ್ನೊಂದು 400. ಪಂಪ್, ಟ್ಯಾಂಕ್, ಬ್ಯಾಟರಿ ಚೌಕಟ್ಟು ಕಾರಿನಿಂದ ಕಾರಿಗೆ ಬರುತ್ತವೆ. ಆರು ವರ್ಷದಲ್ಲಿ ಎರಡು ಸಲ ಗೆದ್ದು ಬಂದ ಬಹುಮಾನ ಒಟ್ಟು 1,100 ಡಾಲರ್. ಲಾಭ ಇಲ್ಲ. ಆದರೆ ಮಗಳಿಗೆ ಈಗ ಹದಿನೇಳು. ಬೆಲ್ಟ್ ಬದಲಿಸುತ್ತಾಳೆ, ಆಕ್ಸಲ್ ಬಿಚ್ಚುತ್ತಾಳೆ, ಮೀಟರ್ ಹಿಡಿದು ವೈರಿಂಗ್ ಹುಡುಕುತ್ತಾಳೆ. ಗ್ಯಾರೇಜಿನಲ್ಲಿ ಇದ್ದಷ್ಟು ಹೊತ್ತೂ ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾಳೆ. ‘ಪಾನಾ ಕೊಡಿ’, ‘ಬಿಗಿ ಮಾಡಿ’, ‘ಸಡಿಲ ಇದೆ’ ಇವೆಲ್ಲ ಅವಳು ಕಲಿತದ್ದು ಈ ಕಾರುಗಳ ಕೆಳಗೆ ಮಲಗಿಕೊಂಡು.

ನಾಲ್ಕನೆಯದು 1995ರದು, ತಿಳಿ ಹಸಿರು, ಕೆಳಗೆ ಒಂದಿಷ್ಟೂ ತುಕ್ಕಿಲ್ಲ. ಒಬ್ಬ ಅಜ್ಜಿ ಚರ್ಚಿಗೆ ಮಾತ್ರ ಓಡಿಸುತ್ತಿದ್ದ ಕಾರು. ಕಳೆದ ಬೇಸಿಗೆಯ ಕೊನೆಯಲ್ಲಿ ಒಂದೇ ಆಟ ಆಡಿದೆ, ಹಿಂಭಾಗ ಒಂದಡಿ ಮಾತ್ರ ಮಡಚಿದೆ. ಅದರ ಬಾಗಿಲ ಮೇಲೆ ಮಗಳು ದೊಡ್ಡದಾಗಿ ೪೭ ಅಂತ ಬರೆದಿದ್ದಾಳೆ. ಪಕ್ಕದಲ್ಲಿ, ಬಾವುಟ ಹಿಡಿಯುವವರಿಗೆ ಓದಲು ಆಗಲಿ ಅಂತ, ಚಿಕ್ಕದಾಗಿ 47. ಬಲಗಡೆಯ ಟೈ ರಾಡ್ ಬದಲಿಸುವುದು ಬಾಕಿ ಇದೆ. ಜಾತ್ರೆ ಆಗಸ್ಟ್‌ನಲ್ಲಿ.