ಹಗುರ ರೂಟರ್‌ನಿಂದ ಕಾಸ್ಟ್ ಐರನ್ ಸಿಎನ್‌ಸಿ ಮಿಲ್‌ಗೆ: ಚೆನ್ನಾಗಿ ದುಡಿಸಿಕೊಂಡ ಮೇಲೆ ಬರೆದ ರಿವ್ಯೂ

ಹೊಸ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದ ದಾರೀಲಿ ಟೂಲು ಓಡಿಸಿ ಕತ್ತರಿಸೋದು) ಮೊದಲನೇ ತಿಂಗಳು ಎಲ್ಲರ್ದೂ ಚೆನ್ನಾಗೇ ಓಡತ್ತೆ, ಆಗ ಬರೆದ ರಿವ್ಯೂಗೆ ಅರ್ಥ ಇಲ್ಲ. ಅದಕ್ಕೇ ಕೋಲೆಟ್ಟು (ಟೂಲು ಬಿಗಿಯಾಗಿ ಹಿಡಿಯೋ ಭಾಗ), ಕೂಲಿಂಗ್ ಪಂಪು ಎಲ್ಲಾ ಒಂದು ಸುತ್ತು ಸವೆದು ಬದಲಾಯಿಸಿದ ಮೇಲೆ ಬರೀತಿದೀನಿ.

ಹಿಂದೆ ಇದ್ದ ರೂಟರ್ ಎಲ್ಲರಿಗೂ ಗೊತ್ತಿರೋ ತರದ್ದೇ, ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಫ್ರೇಮು, ಆಕ್ಸಿಸ್ ಸರಿಸೋಕೆ ಟಿ8 ಲೀಡ್ ಸ್ಕ್ರೂ, ಮೋಟರ್ ನಡೆಸೋಕೆ ಜಿಆರ್‌ಬಿಎಲ್ ಬೋರ್ಡು. ಅಕ್ರಿಲಿಕ್, ಮರ, ನೇಮ್‌ಪ್ಲೇಟ್ ಕೆತ್ತೋದು ಇಷ್ಟೇ ಆದ್ರೆ ಅದರ ಬಗ್ಗೆ ನಂಗೆ ಈಗಲೂ ದೂರಿಲ್ಲ, ಆ ಕೆಲಸ ಇವತ್ತಿಗೂ ಅದರಲ್ಲೇ ಮಾಡ್ತೀನಿ. ಆರ್ಡರ್‌ಗಳು ಅಲ್ಯೂಮಿನಿಯಂ ಬ್ರಾಕೆಟ್, ಬೇರಿಂಗ್ ಹೌಸಿಂಗ್ ಕಡೆ ತಿರುಗಿದಾಗ ಶುರುವಾಯ್ತು ತಾಪತ್ರಯ. ಡೆಪ್ತ್ ಸ್ವಲ್ಪ ಜಾಸ್ತಿ ಕೊಟ್ರೆ ಚಾಟರ್ (ಟೂಲು ನಡುಗೋದು), ಕಿವಿ ಹರಿದು ಹೋಗೋ ಶಬ್ದ, ಹೆದರಿ ಫೀಡ್ (ಟೂಲು ಮುಂದೆ ಸರಿಯೋ ವೇಗ) ಇಳಿಸಿದ್ರೆ ಟೂಲು ಕತ್ತರಿಸೋದು ಬಿಟ್ಟು ಉಜ್ಜೋಕೆ ಶುರು ಮಾಡತ್ತೆ, ಬಿಸಿಯಾಗತ್ತೆ, ಅಲ್ಯೂಮಿನಿಯಂ ಮೆತ್ತಗಾಗಿ ಫ್ಲೂಟ್‌ಗೆ (ಟೂಲಿನ ಸುರುಳಿ ಕಾಲುವೆಗೆ) ಅಂಟ್ಕೊಳತ್ತೆ, ಆಮೇಲೆ ಟಕ್ ಅಂತ ಮುರಿಯತ್ತೆ. ಅಂದ್ರೆ ನಿಧಾನ ಓಡಿಸಿದ್ರೆ ಸೇಫ್ ಅನ್ನೋದೇ ಲೋಹದ ವಿಷಯದಲ್ಲಿ ಸುಳ್ಳು.

ಈಗಿರೋದು ಕಾಸ್ಟ್ ಐರನ್ ಬೆಡ್ಡು, ಫಿಕ್ಸೆಡ್ ಕಾಲಂ, 1605 ಬಾಲ್ ಸ್ಕ್ರೂ, 20 ಎಂಎಂ ಲೀನಿಯರ್ ರೈಲು, ಕ್ಲೋಸ್ಡ್ ಲೂಪ್ ಸ್ಟೆಪ್ಪರ್ (ತನ್ನ ಜಾಗ ತಾನೇ ನೋಡ್ಕೊಳ್ಳೋ ಮೋಟರ್), 2.2 ಕಿಲೋವ್ಯಾಟ್ ವಾಟರ್ ಕೂಲ್ಡ್ ಸ್ಪಿಂಡಲ್ (ಟೂಲು ತಿರುಗಿಸೋ ಮೋಟರ್), ಇಆರ್20 ಕೋಲೆಟ್. 6061 ಅಲ್ಯೂಮಿನಿಯಂಗೆ 6 ಎಂಎಂ ಸಿಂಗಲ್ ಫ್ಲೂಟ್ ಕಾರ್ಬೈಡ್ ಹಾಕಿ 18000 ಆರ್‌ಪಿಎಂ, ನಿಮಿಷಕ್ಕೆ 900 ಎಂಎಂ ಫೀಡ್ ಕೊಟ್ರೆ ಒಂದು ಸುತ್ತಿಗೆ 0.05 ಎಂಎಂ ಚಿಪ್ ಲೋಡ್ (ಅಲಗು ಒಂದು ಸಲಕ್ಕೆ ಕತ್ತರಿಸೋ ದಪ್ಪ) ಬರತ್ತೆ. ಇದೇ ನಂಬರ್ ಹಳೇ ಮೆಷಿನ್‌ಗೂ ಟೈಪ್ ಮಾಡಬಹುದಿತ್ತು, ಆದ್ರೆ ಅಲ್ಲಿ ಸ್ಪಿಂಡಲ್ ಹೊತ್ತಿರೋ ಗ್ಯಾಂಟ್ರಿನೇ ಬಾಗ್ತಿತ್ತು, ಸ್ಕ್ರೀನ್ ಮೇಲೆ ಇದ್ದದ್ದು ಟೂಲ್ ತುದಿಗೆ ತಲುಪ್ತಾನೇ ಇರಲಿಲ್ಲ. ಇಲ್ಲಿ ತಲುಪತ್ತೆ.

ನಂಗೆ ನಿಜವಾಗ್ಲೂ ದುಡ್ಡು ವಾಪಸ್ ತಂದುಕೊಟ್ಟಿದ್ದು ಸ್ಪೀಡ್‌ಗಿಂತ ರೌಂಡ್ ಹೋಲ್‌ಗಳು. ಬ್ಯಾಕ್‌ಲ್ಯಾಶ್ (ಸ್ಕ್ರೂನಲ್ಲಿ ಸಡಿಲ) ಇದ್ರೆ ಆಕ್ಸಿಸ್ ದಿಕ್ಕು ಬದಲಾಯಿಸೋ ನಾಲ್ಕು ಜಾಗದಲ್ಲಿ ವೃತ್ತ ಚಪ್ಪಟೆ ಆಗತ್ತೆ, ಬರಿಗಣ್ಣಿಗೆ ಕಾಣಲ್ಲ, 608 ಬೇರಿಂಗ್ ಕೂರ್ಸೋಕೆ ಹೋದಾಗ ಗೊತ್ತಾಗತ್ತೆ. ಮೊದಲು ಅದು ಕೂರೋ ಪ್ರತಿ 22 ಎಂಎಂ ಪಾಕೆಟ್ ಕೈಯಲ್ಲಿ ಉಜ್ಜಿ ಸರಿ ಮಾಡ್ಬೇಕಿತ್ತು. ಈಗ ಮೊದಲನೇ ಪೀಸು ಅಳತೆ ನೋಡಿ ಆಫ್‌ಸೆಟ್ ಸರಿ ಮಾಡಿದ್ರೆ ಉಳಿದವು ಅದೇ ಅಳತೆಗೆ ಬರ್ತವೆ, ಹಾಗಾಗಿ ಗಿರಾಕಿಗೆ ಡೇಟ್ ಹೇಳುವಾಗ ಧೈರ್ಯವಾಗಿ ಹೇಳ್ತೀನಿ. ಒಂದೇ ಷರತ್ತು, ಬೆಳಿಗ್ಗೆ ಸ್ಪಿಂಡಲ್ ಸ್ವಲ್ಪ ಹೊತ್ತು ಖಾಲಿ ತಿರುಗಿಸಿ ಬಿಸಿ ಮಾಡ್ಕೊಳ್ಳಿ, ಇಲ್ದಿದ್ರೆ ಅದು ಹಿಗ್ತಾ ಹಿಗ್ತಾ ಝಡ್ (ಮೇಲೆ ಕೆಳಗಿನ) ಅಳತೆ ಜಾರತ್ತೆ.

ಇನ್ನು ಸ್ಟೀಲ್. ಇದನ್ನ ಮಾರೋರು ಯಾರೂ ಸರಿಯಾಗಿ ಹೇಳಲ್ಲ. 2.2 ಕಿಲೋವ್ಯಾಟ್ ಅಂತ ಬರೆದಿರೋದು 24000 ಆರ್‌ಪಿಎಂನಲ್ಲಿ, ಲೆಕ್ಕ ಹಾಕಿದ್ರೆ ಟಾರ್ಕ್ (ತಿರುಗಿಸೋ ಬಲ) 0.9 ನ್ಯೂಟನ್ ಮೀಟರ್ ಕೂಡ ಇಲ್ಲ. ಸ್ಪೀಡ್ ಇಳಿಸಿದ್ರೆ ಟಾರ್ಕ್ ಏರಲ್ಲ, ಪವರ್ರೇ ಇಳಿಯತ್ತೆ, 6000ಕ್ಕೆ ಬಂದ್ರೆ ಕಾಲು ಭಾಗ ಉಳಿದ್ರೆ ಹೆಚ್ಚು. ಸಣ್ಣ ಟೂಲಲ್ಲಿ ತೆಳು ಕಟ್ ತಗೊಂಡು ಮೈಲ್ಡ್ ಸ್ಟೀಲ್ ಮಾಡಬಹುದು, ಮಾಡ್ತಾನೂ ಇದೀನಿ, ಆದ್ರೆ ದಪ್ಪ ಡ್ರಿಲ್ಲು, ಫೇಸ್ ಮಿಲ್ಲು, ಟ್ಯಾಪಿಂಗ್ ಎಲ್ಲಾ ಮರೆತುಬಿಡಿ. ನಿಮ್ಮ ಕೆಲಸ ಅರ್ಧಕ್ಕಿಂತ ಜಾಸ್ತಿ ಸ್ಟೀಲ್ ಆದ್ರೆ ಮೆಷಿನ್ ಎಷ್ಟು ಭಾರ ಇದ್ರೂ ಈ ತರ ಸ್ಪಿಂಡಲ್ ತಗೋಬೇಡಿ, ಬಿಟಿ30 (ಟೂಲ್ ಹೋಲ್ಡರ್‌ನ ಒಂದು ಸೈಜು) ಹೆಡ್ ಇರೋ ಕಡಿಮೆ ಸ್ಪೀಡಿಂದು ನೋಡಿ.

ಭಾರದ ಕಥೆ ಬೇರೆನೇ. ಬಾಗಿಲಗಲ, ನೆಲ, ಇಳಿಸೋಕೆ ಕ್ರೇನು, ಇವೆಲ್ಲಾ ಬುಕ್ ಮಾಡೋ ಮುಂಚೆ ನೋಡ್ಕೊಳ್ಳಿ. ಕೂರ್ಸಿದ ಮೇಲೆ ಲೆವೆಲ್ಲು, ಆಮೇಲೆ ಸ್ಪಿಂಡಲ್‌ಗೆ ಡಯಲ್ ಕಟ್ಟಿ ಟ್ರಾಮ್ ಚೆಕ್ (ಸ್ಪಿಂಡಲ್ ಬೆಡ್‌ಗೆ ನೆಟ್ಟಗಿದೆಯಾ ಅಂತ). ಫ್ಯಾಕ್ಟರಿಲೇ ಮಾಡಿದೀವಿ ಅಂದಿದ್ರು, ದಾರೀಲಿ ಕುಲುಕಾಡಿ ಬಂದಿದ್ದಕ್ಕೋ ಏನೋ ಮತ್ತೆ ಶಿಮ್ (ತೆಳು ತಗಡು) ಹಾಕಬೇಕಾಯ್ತು. ಸ್ಪಿಂಡಲ್ ಕೇಬಲ್‌ಗೆ ಶೀಲ್ಡೇ ಕೊಟ್ಟಿರಲಿಲ್ಲ, ವಿಎಫ್‌ಡಿ (ಸ್ಪಿಂಡಲ್ ಸ್ಪೀಡ್ ನಿಯಂತ್ರಿಸೋ ಡ್ರೈವ್) ಆನ್ ಆದ ತಕ್ಷಣ ಲಿಮಿಟ್ ಸ್ವಿಚ್ ಸುಮ್‌ಸುಮ್ನೆ ಟ್ರಿಪ್ ಆಗೋದು, ಜಾಬ್ ಮಧ್ಯದಲ್ಲಿ ನಿಂತ್ರೆ ಪೀಸು ಗುಜರಿಗೆ. ಶೀಲ್ಡೆಡ್ ಕೇಬಲ್ ಹಾಕಿ ಅರ್ತಿಂಗ್ ಸರಿ ಮಾಡಿದ್ಮೇಲೆ ಆ ಕಾಟ ಇಲ್ಲ. ಇಷ್ಟು ಕಾಸು ತಗೊಂಡು ಕೇಬಲ್‌ನಲ್ಲಿ ಉಳಿಸೋದು ಯಾಕೋ.

ಮೇಂಟೆನೆನ್ಸ್ ಜಾಸ್ತಿ ಇಲ್ಲ, ರೈಲು ಸ್ಕ್ರೂಗೆ ಎಣ್ಣೆ ಬಿಡೋದು, ಕವರ್ ಕೆಳಗೆ ಸೇರ್ಕೊಂಡ ಚಿಪ್ಸ್ ತೆಗೆಯೋದು, ಕೂಲಿಂಗ್ ನೀರು ಪಾಚಿ ಕಟ್ಟೋ ಮುಂಚೆ ಬದಲಾಯಿಸೋದು. ಟೂಲ್ ಮಾತ್ರ ಆದಷ್ಟು ಗಿಡ್ಡ ಹಿಡಿಸಿ, ಹೊರಗೆ ಚಾಚಿದ ಉದ್ದ ಎರಡರಷ್ಟಾದ್ರೆ ಬಾಗೋದು ಎಂಟರಷ್ಟು, ಕಾಸ್ಟ್ ಐರನ್‌ಗೆ ಕೊಟ್ಟ ದುಡ್ಡು ಅಲ್ಲೇ ನೀರಿಗೆ ಹೋಗತ್ತೆ.

ಈಗ ಟೈಮ್ ತಿಂತಿರೋದು ಟೂಲ್ ಬದಲಾಯಿಸೋದು. ಪ್ರತಿಸಲ ಎರಡು ಸ್ಪ್ಯಾನರ್ ಹಿಡಿದು ಕೋಲೆಟ್ ಬಿಚ್ಚು, ಹಾಕು, ಉದ್ದ ಮತ್ತೆ ಅಳೆ. ಟೂಲ್ ಸೆಟ್ಟರ್ ಹಾಕ್ಕೊಂಡಿದ್ರಿಂದ ಅಳತೆ ಕೆಲಸ ಹಗುರ ಆಗಿದೆ, ಆದ್ರೂ ನಾಲ್ಕೈದು ಟೂಲ್ ಬೇಕಾಗೋ ಪಾರ್ಟ್ ಆದ್ರೆ ಮೆಷಿನ್ ಪಕ್ಕನೇ ನಿಂತಿರಬೇಕು. ಅಂಥ ಪಾರ್ಟ್ ಜಾಸ್ತಿ ಮಾಡೋರು ಇದನ್ನ ತಗೊಳ್ಳೋ ಬದಲು ಇನ್ನೊಂದಷ್ಟು ದಿನ ಕಾದು ಎಟಿಸಿ (ಟೂಲು ತಾನೇ ಬದಲಾಯಿಸ್ಕೊಳ್ಳೋ ವ್ಯವಸ್ಥೆ) ಇರೋದಕ್ಕೇ ಹೋಗಿ.