ಅಜ್ಜಿಯ ಗೌನಿನ ಮಾದರಿಗೆ ಯಾವ ಬಟ್ಟೆ?

ಮೇ ತಿಂಗಳಲ್ಲಿ ಬಳ್ಳಾರಿಯ ಚರ್ಚಿನಲ್ಲಿ ತಂಗಿಯ ಮದುವೆ. ಅಜ್ಜಿ 1956ರಲ್ಲಿ ತೊಟ್ಟಿದ್ದಂಥ ಗೌನೇ ಬೇಕೆಂದು ಅವಳ ಹಟ. ಕುತ್ತಿಗೆ ಮುಚ್ಚುವ ಲೇಸು, ಉದ್ದ ತೋಳು, ಸೊಂಟದಿಂದ ಗಂಟೆಯಂತೆ ಅರಳುವ ಘೇರು. ಅದೇ ವರ್ಷ ಹಾಲಿವುಡ್ ನಟಿ ಗ್ರೇಸ್ ಕೆಲ್ಲಿ ತೊಟ್ಟ ಮದುವೆಯ ಗೌನಿನ ಧಾಟಿಯೂ ಹೀಗೆಯೇ. ಬೆಂಗಳೂರು ರಸ್ತೆಯ ಅಂಗಡಿಗಳಿಂದ ನಾಲ್ಕು ಬಗೆಯ ಬಟ್ಟೆ ಮೀಟರಿನಂತೆ ತಂದು, ನೆರಿಗೆ ಹಿಡಿದು ತಂಗಿಯ ಸೊಂಟಕ್ಕೆ ಕಟ್ಟಿ, ಮಧ್ಯಾಹ್ನದ ಬಿಸಿಲಿನಲ್ಲಿ ಮಾಳಿಗೆ ಹತ್ತಿಸಿದೆ.

ಅಮ್ಮನ ಒಲವು ಪಾಲಿಯೆಸ್ಟರ್ ಸ್ಯಾಟಿನ್ ಕಡೆಗೆ. ಅಗ್ಗ, ಸುಕ್ಕಾಗುವುದಿಲ್ಲ. ಆದರೆ ಹತ್ತೇ ನಿಮಿಷಕ್ಕೆ ತಂಗಿಯ ಕಾಲಿಗೆ ಬೆವರಿನಿಂದ ಅಂಟಿಕೊಂಡಿತು. ಅದರ ನೀಲಿ ಛಾಯೆಯ ಬಿಳುಪು ಹಳೆಯ ಕಾಲದ್ದೂ ಅಲ್ಲ. ಬೇಡವೆಂದೆ.

ಆರ್ಗಂಜಾ ಎಂಬ ಪಾರದರ್ಶಕ, ಗರಿಗರಿ ಬಟ್ಟೆ ಹಗುರ, ಚೆನ್ನಾಗಿ ನಿಲ್ಲುತ್ತದೆ. ಆದರೆ ಮೈಗೆ ಚುಚ್ಚುತ್ತದೆ.

ರೇಷ್ಮೆಯ ಸ್ಯಾಟಿನ್ ಬಿಡಲು ನನಗೇ ಮನಸ್ಸಾಗಲಿಲ್ಲ. ಕೈಯಿಂದ ಜಾರುವಾಗ ಕೆನೆಯಂತಿತ್ತು. ಆದರೆ ಒಂದು ಹನಿ ನೀರು ಬಿದ್ದಲ್ಲಿ, ಒಣಗಿದ ಮೇಲೂ ಉಂಗುರದಂಥ ಕಲೆ ಉಳಿಯಿತು. ನಲವತ್ತು ಡಿಗ್ರಿಯ ಊರಿನಲ್ಲಿ ಕಂಕುಳ ಗತಿಯೇನು? ಮೇಲಾಗಿ ಅದು ಕೆಳಕ್ಕೆ ಇಳಿಬೀಳುವ ಬಟ್ಟೆ, ಅರಳುವುದಿಲ್ಲ. ಜೀನ್ಸ್ ಹೊಲಿಯುವ ಹದಿನಾರನೇ ನಂಬರಿನ ಸೂಜಿ ಅದರಲ್ಲಿ ಬಿಟ್ಟ ತೂತುಗಳು ಇಸ್ತ್ರಿಗೂ ಮುಚ್ಚಲಿಲ್ಲ. ಇಂಥ ಬಟ್ಟೆಗೆ ಒಂಬತ್ತು ಅಥವಾ ಹನ್ನೊಂದರ ಹೊಸ ಸೂಜಿಯೇ ಆಗಬೇಕು.

ಕೊನೆಗೆ ಉಳಿದದ್ದು ಡುಪಿಯನ್ ಎಂಬ ಗರಿಗರಿ ರೇಷ್ಮೆ. ಅಂಗಡಿಗಳಲ್ಲಿ ರಾ ಸಿಲ್ಕ್ ಎಂದೇ ಕೊಡುತ್ತಾರೆ. ಒಂದು ಕಡೆ ಶುದ್ಧ ರೇಷ್ಮೆಯೆಂದು ಕೊಟ್ಟ ತುಂಡಿನ ಎಳೆಗೆ ಮನೆಯಲ್ಲಿ ಬೆಂಕಿ ತಾಗಿಸಿದರೆ ಕರಗಿ ಕರಿಮಣಿಯಷ್ಟು ಗಟ್ಟಿಯಾಯಿತು. ಸಿಟ್ಟು ನೆತ್ತಿಗೇರಿತು. ಇನ್ನೊಂದು ಅಂಗಡಿಯದು ಸುಟ್ಟ ಕೂದಲಿನ ವಾಸನೆ ಬಿಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು. ರೇಷ್ಮೆ ಎಂದರೆ ಅದು. ನೆರಿಗೆ ಹಿಡಿದ ಕೂಡಲೇ ಘೇರು ತಾನೇ ಎದ್ದು ನಿಂತಿತು. ಮಾಳಿಗೆಯ ಗಾಳಿಗೂ ಕಾಲಿಗೆ ಸುತ್ತಿಕೊಳ್ಳಲಿಲ್ಲ. ನಡುನಡುವೆ ಇರುವ ದಪ್ಪ ಎಳೆಗಳನ್ನು ಅಮ್ಮ ದೋಷವೆಂದಳು. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡಿನ ನೂಲು ಹಾಗೆಯೇ ಇರುತ್ತದೆ ಎಂದು ನಾನು ಹೇಳಿದ ಮೇಲೆ ತಂಗಿ ಬೇರೆ ಬಟ್ಟೆಗಳತ್ತ ತಿರುಗಿಯೂ ನೋಡಲಿಲ್ಲ. ಕತ್ತರಿಸಿದ ಅಂಚು ಮಾತ್ರ ತೆಂಗಿನ ನಾರಿನಂತೆ ಬಿಚ್ಚಿಕೊಳ್ಳುತ್ತದೆ. ಅರ್ಧ ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ಕೂಡಲೇ ಅಂಚು ಬಿಚ್ಚದಂತೆ ಸುತ್ತುವ ಓವರ್‌ಲಾಕ್ ಹೊಲಿಗೆ ಹಾಕಬೇಕು.

ಒಳಗೆ ತೆಳು ಮಲ್ ಬಟ್ಟೆಯ ಲೈನಿಂಗ್ ಕೊಡುತ್ತೇನೆ, ಬೆವರು ಹೀರಲಿ. ಡುಪಿಯನ್ ಅನ್ನು ಒಂದೇ ಥಾನಿನಿಂದ ಕತ್ತರಿಸಿಕೊಂಡು ಬಂದಿದ್ದೇನೆ. ಥಾನು ಬದಲಾದರೆ ಕೆನೆಬಣ್ಣದಲ್ಲೂ ವ್ಯತ್ಯಾಸ ಬರುತ್ತದೆ. ಹತ್ತಿಯ ಲೇಸು ಅದರ ಪಕ್ಕದಲ್ಲಿ ತೀರಾ ಬೆಳ್ಳಗೆ ಕಾಣುತ್ತಿತ್ತು. ಒಂದು ತುಂಡನ್ನು ತೆಳು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿ, ಘೇರಿನ ಮೇಲಿಟ್ಟೆ. ಈಗ ಎರಡರ ಬಣ್ಣವೂ ಒಂದೇ.