"226 ಟ್ರಾನ್ಸ್‌ಫರ್ ಕಂಪ್ಲೀಟ್" ನೋಡಿ ಕಾರ್ಡ್ ಅಳಿಸಬೇಡಿ

ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ ನನ್ನದೊಂದು ಪುಟ್ಟ ಫೋಟೋ ಸ್ಟುಡಿಯೋ. ಮದುವೆ ಆಲ್ಬಂಗಳೇ ನಮ್ಮ ಹೊಟ್ಟೆಪಾಡು. ಹೋದ ವರ್ಷ ಸಿರುಗುಪ್ಪದ ಒಂದು ಮದುವೆಯ 612 ಫೋಟೋ ನನ್ನ ಕೈಯಲ್ಲೇ ಹಾಳಾದವು. ಎಫ್‌ಟಿಪಿಯಲ್ಲಿ (ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲು ಕಳಿಸುವ ಹಳೆಯ ವಿಧಾನ) ಫೋಟೋ ಕಳಿಸುವವರು ದಯವಿಟ್ಟು ಇದನ್ನು ಓದಿ.

ಆಲ್ಬಂ ಲ್ಯಾಬ್‌ನವರು ತಮ್ಮ ಸರ್ವರ್‌ನ ವಿಳಾಸ, ಪಾಸ್‌ವರ್ಡ್ ಕೊಟ್ಟಿದ್ದರು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲೇ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ಎಫ್‌ಟಿಪಿ ತೆರೆದು ರಾತ್ರಿಯಿಡೀ ಕಳಿಸಿದೆ. ಪ್ರತಿ ಫೈಲಿಗೂ "226 ಟ್ರಾನ್ಸ್‌ಫರ್ ಕಂಪ್ಲೀಟ್" ಅಂತ ಬಂತು. ಬೆಳಿಗ್ಗೆ ಕಂಪ್ಲಿಯಲ್ಲಿ ಇನ್ನೊಂದು ಮದುವೆ ಇತ್ತು. ಕಂಪ್ಯೂಟರ್‌ನಲ್ಲಿ ಜಾಗ ಇರಲಿಲ್ಲ. ಫೋಲ್ಡರ್ ಅಳಿಸಿದೆ, ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿದೆ, ಅದೇ ಕಾರ್ಡಿನಲ್ಲಿ ಹೊಸ ಮದುವೆ ತೆಗೆದೆ.

ಮೂರನೇ ದಿನ ಲ್ಯಾಬ್‌ನಿಂದ ಫೋನ್ ಬಂತು. ಫೋಟೋಗಳ ಮೇಲ್ಭಾಗ ಸರಿ ಇದೆ, ಕೆಳಗೆಲ್ಲ ಬಣ್ಣದ ಪಟ್ಟಿ. ಕೆಲವು ತೆರೆಯುವುದೇ ಇಲ್ಲ.

ಆಗಿದ್ದು ಇಷ್ಟು. ಎಫ್‌ಟಿಪಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ನಮ್ಮ ದೇಶದವರೇ ಆದ ಅಭಯ್ ಭೂಷಣ್. ಆಗ ಒಂದೊಂದು ಕಂಪ್ಯೂಟರ್ ಒಂದೊಂದು ರೀತಿಯಲ್ಲಿ ಅಕ್ಷರಗಳನ್ನು ಇಡುತ್ತಿತ್ತು. ಅದಕ್ಕೇ ಕಳಿಸುವಾಗ ಬರಹವನ್ನು ಹೊಂದಿಸಿಕೊಡುವ ಆಸ್ಕಿ ಮೋಡ್ ಇಟ್ಟರು. ನಾವು ಬೇರೆ ಹೇಳದಿದ್ದರೆ ವಿಂಡೋಸ್‌ನ ಆ ಎಫ್‌ಟಿಪಿ ಇವತ್ತಿಗೂ ಶುರುವಾಗುವುದು ಅದರಲ್ಲೇ. ವಿಂಡೋಸ್ ಸಾಲಿನ ಕೊನೆಗೆ 13, 10 ಎಂಬ ಎರಡು ಬೈಟ್ (ಫೈಲಿನ ಪುಟ್ಟ ತುಣುಕು, ಒಂದೊಂದೂ ಒಂದು ಸಂಖ್ಯೆ) ಇಡುತ್ತದೆ. ವಿಂಡೋಸ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ 10 ಒಂದನ್ನೇ ಇಡುತ್ತದೆ. ಲ್ಯಾಬ್‌ನ ಲಿನಕ್ಸ್ ಸರ್ವರ್ ನನ್ನ ಫೋಟೋಗಳನ್ನೂ ಬರಹ ಅಂದುಕೊಂಡು, ಆ ಜೋಡಿ ಸಿಕ್ಕಲ್ಲೆಲ್ಲ 13 ಅನ್ನು ಕಿತ್ತು ಹಾಕಿತ್ತು. 5 ಎಂಬಿಯ ಫೋಟೋದಲ್ಲಿ ಅಂಥ ಜೋಡಿ ಸುಮಾರು 80 ಕಡೆ ಬರಬಹುದು. ಬರೀ 80 ಬೈಟ್! ಎಂಬಿ ಲೆಕ್ಕದಲ್ಲಿ ನೋಡಿದರೆ ಗೊತ್ತೇ ಆಗುವುದಿಲ್ಲ. ವಾಪಸ್ ತರಿಸಿಕೊಂಡರೂ ಸರಿಹೋಗದು. ಯಾವ 10ರ ಹಿಂದೆ 13 ಇತ್ತು ಅಂತ ಯಾರಿಗೆ ಗೊತ್ತು?

226 ಅಂದರೆ ಕಳಿಸುವ ಕೆಲಸ ಮುಗಿಯಿತು ಅಂತ ಮಾತ್ರ. ಫೈಲು ಇದ್ದ ಹಾಗೇ ತಲುಪಿತು ಅಂತ ಅಲ್ಲ.

ಮದುಮಗಳ ತಂದೆಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ತಮ್ಮಾ, ಅಕ್ಕಿಕಾಳು ಬೀಳೋದು ಒಂದಾದ್ರೂ ಐತೇನು?" ಅಂದರು. ಇರಲಿಲ್ಲ. ಸಂಬಂಧಿಕರ ಮೊಬೈಲ್‌ಗಳಿಂದ 41 ಫೋಟೋ ಕೂಡಿಸಿ ಆಲ್ಬಂ ಮಾಡಿಕೊಟ್ಟೆ, ಮುಂಗಡ ವಾಪಸ್ ಕೊಟ್ಟೆ. ಆ ಮಾತು ಇನ್ನೂ ಕಿವಿಯಲ್ಲಿದೆ.

ಕಮಾಂಡ್ ಪ್ರಾಂಪ್ಟ್‌ನಲ್ಲಿ ಕಳಿಸುವುದಾದರೆ ಮೊದಲು "ಬೈನರಿ" (binary) ಅಂತ ಆಜ್ಞೆ ಕೊಡಿ. ಆಗ ಒಂದು ಬೈಟೂ ಬದಲಾಗುವುದಿಲ್ಲ. ಲ್ಯಾಬ್‌ನವರು ಎಲ್ಲವನ್ನೂ ಗುಪ್ತವಾಗಿ ಕಳಿಸುವ ಎಸ್‌ಎಫ್‌ಟಿಪಿ ಕೊಟ್ಟರೆ ಇನ್ನೂ ಒಳ್ಳೆಯದು. ಹಳೆಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಮುಚ್ಚುಮರೆಯಿಲ್ಲದೆ ಹೋಗುತ್ತದೆ, ದಾರಿಯಲ್ಲಿ ಕದ್ದು ನೋಡುವವರು ಓದಬಹುದು. ಕಳಿಸಿದ ಮೇಲೆ ಎರಡೂ ಕಡೆಯ ಫೈಲಿನ ಗಾತ್ರವನ್ನು ಬೈಟ್‌ನಲ್ಲಿ, ಕೊನೆಯ ಅಂಕಿಯವರೆಗೆ ಹೋಲಿಸಿ. ನಾಲ್ಕಾರು ಫೋಟೋ ತೆರೆದು ನೋಡಿ ಅಂತ ಲ್ಯಾಬ್‌ನವರಿಗೆ ಹೇಳಿ. ಅವರು ಹೂಂ ಅನ್ನುವವರೆಗೆ ಕಾರ್ಡ್ ಮುಟ್ಟಬೇಡಿ.

ಅಕಸ್ಮಾತ್ ಕಾರ್ಡ್ ಫಾರ್ಮ್ಯಾಟ್ ಆಗಿಹೋಗಿದ್ದರೆ ಅದರಲ್ಲಿ ಇನ್ನೊಂದು ಫೋಟೋ ಕೂಡ ತೆಗೆಯದೆ ಹಾಗೇ ಎತ್ತಿಡಿ. ಮೇಲೆ ಹೊಸದು ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರ್‌ನಲ್ಲಿ ಹಳೆಯದು ಸಿಗುವ ಸಾಧ್ಯತೆ ಜಾಸ್ತಿ. ನಾನು ಕಂಪ್ಲಿಯಲ್ಲಿ ಆ ಕಾರ್ಡ್ ತುಂಬಿಸಿಬಿಟ್ಟಿದ್ದೆ.